ಮೊದಲು ಬ್ರೇಕು, ಆಮೇಲೆ ಗತ್ತು!

ಅಪ್ಸರಕೊಂಡದ ತಮ್ಮನೊಬ್ಬ ಕೇಳ್ತಾನೆ: “ಹಳೇ ಕಾಂಟೆಸ್ಸಾ ಸಿಕ್ಕಿದೆ. ರಸ್ತೆಯಲ್ಲೂ ಓಡಬೇಕು, ಆಟೋಕ್ರಾಸಿಗೂ ಇಳಿಯಬೇಕು. ಯಾವ ಎಂಜಿನ್ ಕೂರಿಸಲಿ?”

ಭಲೇ ತಮ್ಮಾ! 1984ರಲ್ಲಿ ಬಂದು 2002ಕ್ಕೆ ನಿಂತ ಗಾಡಿ. ಉದ್ದ ಮೂತಿ, ಥೇಟ್ ಅಮೆರಿಕದ ಮಸಲ್ ಕಾರಿನ ಗತ್ತು! ಆದರೆ ಮೊದಲ ಮಾಡೆಲ್ಲುಗಳ ಹೊಟ್ಟೆಯಲ್ಲಿ ಇದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್ನು. ಗತ್ತು ದೊಡ್ಡದು, ದಮ್ಮು ಸಣ್ಣದು. ಆಮೇಲೆ ಬಂದ 1.8 ಲೀಟರ್ ಇಸುಜು ಎಂಜಿನ್ ಇದ್ದರೆ ಮುಟ್ಟಬೇಡ. ಬೇರೆಯದು ಕೂರಿಸಿದರೆ ಆರ್.ಟಿ.ಓ. ಅನುಮತಿ ಪಡೆದು ಆರ್.ಸಿ.ಯಲ್ಲಿ ಬರೆಸಲೇಬೇಕು.

ಮೊದಲು ಗಾಡಿಯಡಿ ಮಲಗಿ ನೋಡು. ನಿಮ್ಮೂರ ಉಪ್ಪುಗಾಳಿ ತಗಡು ತಿಂದಿದ್ದರೆ ಎಂಜಿನ್ ಮಾತೇ ಬೇಡ. ಆಟೋಕ್ರಾಸಿನಲ್ಲಿ ಬಯಲಲ್ಲಿ ಗುರುತಿಟ್ಟ ತಿರುವುಗಳನ್ನು ಕಡಿಮೆ ಸಮಯದಲ್ಲಿ ಸುತ್ತಿದವನೇ ಹೀರೋ. ಅಲ್ಲಿ ಗೆಲ್ಲಿಸೋದು ಟೈರು, ಬ್ರೇಕು, ಶಾಕ್ ಅಬ್ಸಾರ್ಬರು. ದುಡ್ಡು ಅಲ್ಲಿ ಸುರಿ, ಉಳಿದರೆ ಎಂಜಿನ್ನಿಗೆ.

ಹೆದ್ದಾರಿಯಲ್ಲಿ ಮಾತ್ರ ಆಟ ಬೇಡ ಮಾರಾಯ. ನಿಮ್ಮ ಹೊನ್ನಾವರ ಸೀಮೆಯ ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಬಲಿಯಾದಾಗ ಅವರಿಗಿನ್ನೂ 35. ತಪ್ಪು ಯಾರದೇ ಇರಲಿ, ರಸ್ತೆ ಹೀರೋ ಅಂತ ನೋಡೋದಿಲ್ಲ. ಬೆಲ್ಟು ಕಟ್ಟಿಕೋ, ಆಮೇಲೆ ಕೀ ತಿರುಗಿಸು!