ಮನಸ್ಸನ್ನು ಅಳೆಯುವ ಮಾಪಕ ಯಾರದು?

ಫ್ರೆಂಚ್ ಆಳ್ವಿಕೆಯಲ್ಲಿದ್ದ ಅಲ್ಜೀರಿಯದ ಬ್ಲಿದಾ ಮನೋರೋಗ ಆಸ್ಪತ್ರೆಗೆ 1953ರಲ್ಲಿ ವೈದ್ಯರಾಗಿ ಬಂದ ಫ್ರಾಂಟ್ಸ್ ಫ್ಯಾನನ್, ಸಭೆ, ಪತ್ರಿಕೆ, ಸಿನೆಮಾಗಳ ಮೂಲಕ ರೋಗಿಗಳನ್ನು ಬೆರೆಸುವ ಫ್ರಾನ್ಸಿನ ಚಿಕಿತ್ಸಾ ಕ್ರಮವನ್ನು ಅಲ್ಲಿ ಜಾರಿಗೆ ತಂದರು. ಯುರೋಪಿಯನ್ ಮಹಿಳೆಯರಲ್ಲಿ ಅದು ಫಲ ನೀಡಿತು. ಮುಸ್ಲಿಮ್ ಪುರುಷರಲ್ಲಿ ಸೋತಿತು. ವಸಾಹತು ಮನೋವೈದ್ಯರು ಅಲ್ಜೀರಿಯನ್ನರ ಹುಟ್ಟುಗುಣವನ್ನೇ ದೂರುತ್ತಿದ್ದ ಕಾಲವದು. ಫ್ಯಾನನ್ ದೋಷವನ್ನು ರೋಗಿಯಲ್ಲಲ್ಲ, ವಿಧಾನದಲ್ಲಿ ಕಂಡರು. ರೋಗಿಗಳಿಗೆ ಪರಿಚಿತವಾದ ಕಾಫಿ ಅಂಗಡಿ, ಹಬ್ಬದ ಆಚರಣೆ, ಕಥೆಗಾರನ ಕಥೆಗಳು ಆಸ್ಪತ್ರೆಯನ್ನು ಪ್ರವೇಶಿಸಿದವು.

ಸ್ನಾತಕೋತ್ತರ ಹಂತದಲ್ಲಿ ವಿಮರ್ಶಾತ್ಮಕ ಮನಶ್ಶಾಸ್ತ್ರ ಎತ್ತುವ ಪ್ರಶ್ನೆಯೂ ಇದೇ: ಸಂಸ್ಕೃತಿಯನ್ನೂ ಅಧಿಕಾರವನ್ನೂ ಬದಿಗಿಟ್ಟು ಮನಸ್ಸನ್ನು ಅರಿಯಲಾದೀತೇ? ಸದಾ ಸಂಶಯಕ್ಕೆ ಗುರಿಯಾಗುವ ಯುವಕನ ಆತಂಕವನ್ನು ಕೇವಲ ಅವನ ದೌರ್ಬಲ್ಯವೆನ್ನುವುದು ಅನ್ಯಾಯ. ಹಾಗೆಯೇ, ಸಂಪ್ರದಾಯದ ಹೆಸರಿನಲ್ಲಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವ ನಮ್ಮೊಳಗಿನ ಅಧಿಕಾರವೂ ಈ ಪ್ರಶ್ನೆಯಿಂದ ಹೊರತಲ್ಲ.

ವೈದ್ಯಕೀಯ, ಇಂಜಿನಿಯರಿಂಗ್ ಬಿಟ್ಟರೆ ವಿದ್ಯೆಯೇ ಇಲ್ಲವೆಂಬ ಧೋರಣೆ ನಮ್ಮ ಮನೆಗಳಲ್ಲಿ ಬದಲಾಗಬೇಕು. ನಮ್ಮ ಕುರಿತು ಇತರರು ಬರೆದುದಕ್ಕೆ ಕೊರಗುವುದಕ್ಕಿಂತ, ಅಧ್ಯಯನ ನಡೆಸಿ ಬರೆಯಬಲ್ಲ ಮಕ್ಕಳನ್ನು ಈ ತರಗತಿಗಳಿಗೆ ಕಳುಹಿಸುವುದು ಮೇಲೆಂದು ನಾವು ಭಾವಿಸುತ್ತೇವೆ.