ಹೊಸ ಕೈಗೆ ಯಾವ ಕಾರು?

ಮಗನೋ ಮಗಳೋ ಹದಿನೆಂಟು ತುಂಬಿ, ಸಾರಿಗೆ ಕಚೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಚಾಲನಾ ಪರವಾನಗಿಯನ್ನು ಹಿಡಿದು ಮನೆಗೆ ಬಂದಾಗ ನಮ್ಮ ಮಧ್ಯಮ ವರ್ಗದ ಕುಟುಂಬಗಳಲ್ಲಿ ಆಗುವ ಏರ್ಪಾಡು ಬಹುಮಟ್ಟಿಗೆ ಒಂದೇ ಬಗೆಯದು: ತಂದೆ ಹತ್ತು ಹನ್ನೆರಡು ವರ್ಷ ಓಡಿಸಿದ ಸಣ್ಣ ಕಾರು ಮಕ್ಕಳ ಪಾಲಿಗೆ ಬರುತ್ತದೆ, ಹೊಸದಾಗಿ ಕೊಂಡ, ಆರು ಏರ್‌ಬ್ಯಾಗುಗಳ ಗಟ್ಟಿಮುಟ್ಟಾದ ಕಾರು ತಂದೆಯ ಬಳಿಯೇ ಉಳಿಯುತ್ತದೆ. ‘ಕಲಿಯುವ ಕೈ, ಎಲ್ಲಾದರೂ ಗೀಚಿಕೊಂಡು ಬಂದರೂ ಹೊಟ್ಟೆ ಉರಿಯುವುದಿಲ್ಲ’ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಆ ಮಾತಿನಲ್ಲಿ ಮಿತವ್ಯಯವುಂಟು, ವ್ಯವಹಾರಜ್ಞಾನವೂ ಉಂಟು. ಆದರೆ ತಗಡಿನ ಮೇಲೆ ಬೀಳುವ ಗೀರಿನ ಬಗೆಗೆ ಇರುವಷ್ಟು ವಿಚಾರ ತಗಡಿನ ಒಳಗೆ ಕುಳಿತ ಜೀವದ ಬಗೆಗೆ ಅದರಲ್ಲಿ ಕಾಣುವುದಿಲ್ಲ. ಮನೆಯವರಲ್ಲೆಲ್ಲ ಅತ್ಯಂತ ಅಲ್ಪಾನುಭವಿಯಾದವರನ್ನು ಅತ್ಯಂತ ದುರ್ಬಲವಾದ ವಾಹನದಲ್ಲಿ ಕೂರಿಸಿ ಕಳುಹಿಸುವ ಈ ಪದ್ಧತಿ ತಲೆಕೆಳಗಾದುದೆಂದೂ ಅದನ್ನು ನಾವು ಬಿಡಬೇಕೆಂದೂ ಹೇಳುವುದು ಈ ಲೇಖನದ ಉದ್ದೇಶ.

ಹದಿನೆಂಟಕ್ಕೆ ಮುನ್ನ ಕಾರಿನ ಬೀಗದ ಕೈ ಕೊಡುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಹದಿನಾರು ತುಂಬಿದವರಿಗೆ ಅನುಮತಿಸುವುದು 50 ಸಿ.ಸಿ. ಮೀರದ, ಗೇರಿಲ್ಲದ ದ್ವಿಚಕ್ರ ವಾಹನವನ್ನು ಮಾತ್ರ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗಿನ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ತುಂಬುವವರೆಗೆ ಪರವಾನಗಿಯಿಲ್ಲ. ಹೀಗಿದ್ದೂ ಬಡಾವಣೆಯ ರಸ್ತೆ ತಾನೆ ಎಂದು ಹೈಸ್ಕೂಲು ಹುಡುಗರಿಗೆ ಕಾರು ಬಿಟ್ಟುಕೊಡುವ ಹಿರಿಯರಿದ್ದಾರೆ. ಅವರೊಡನೆ ಕಾರಿನ ಆಯ್ಕೆಯ ಕುರಿತು ಚರ್ಚಿಸಿ ಪ್ರಯೋಜನವಿಲ್ಲ.

ಸ್ಟೇರಿಂಗು ತಿರುಗಿಸುವುದನ್ನೂ ಹದವರಿತು ಕ್ಲಚ್ ಬಿಡುವುದನ್ನೂ ಹದಿನೆಂಟರ ಕೈಕಾಲುಗಳು ಹಿರಿಯರಿಗಿಂತ ಬೇಗನೆ ಕಲಿತುಬಿಡುತ್ತವೆ. ಕಾಲ ಹಿಡಿಯುವುದು ಬೇರೊಂದು ವಿದ್ಯೆಗೆ: ನಿಂತ ಬಸ್ಸಿನ ಮರೆಯಿಂದ ಯಾರಾದರೂ ಅಡ್ಡ ಬಂದಾರೆಂಬ ಊಹೆ, ಮಂಡ್ಯದ ಕಡೆಯ ರಸ್ತೆಗಳಲ್ಲಿ ಹಿಂದೀಪವಿಲ್ಲದೆ ಸಾಗುವ ಕಬ್ಬಿನ ಟ್ರಾಕ್ಟರನ್ನು ಕತ್ತಲಲ್ಲಿ ದೂರದಿಂದಲೇ ಗುರುತಿಸುವ ದೃಷ್ಟಿ, ಮುಂಗಾರಿನ ಮೊದಲ ಹನಿ ಬಿದ್ದ ರಸ್ತೆ ಎಷ್ಟು ಜಾರುತ್ತದೆಂಬ ಅರಿವು. ಇವನ್ನು ಯಾವ ಡ್ರೈವಿಂಗ್ ಸ್ಕೂಲೂ ಕೆಲವೇ ವಾರಗಳಲ್ಲಿ ಕಲಿಸಲಾರದು. ಇವು ಬರುವುದು ಬಹುಕಾಲದ ಅಭ್ಯಾಸದಿಂದ, ನಡುನಡುವೆ ಆಗುವ ತಪ್ಪುಗಳಿಂದ. 2022ನೆಯ ಒಂದೇ ವರ್ಷದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತ ದೇಶ ನಮ್ಮದು. ಇಂಥ ರಸ್ತೆಗಳಲ್ಲಿ ಅಭ್ಯಾಸಕ್ಕೆ ತೊಡಗುವವರ ವಾಹನವನ್ನು ಆರಿಸುವಾಗ ಅದು ಎಷ್ಟು ಮೈಲೇಜು ಕೊಡುತ್ತದೆಂಬುದಕ್ಕಿಂತ, ತಪ್ಪಾದ ಗಳಿಗೆಯಲ್ಲಿ ಅದು ಏನು ಮಾಡುತ್ತದೆಂಬುದನ್ನು ಮೊದಲು ಕೇಳಬೇಕು.

ಈ ಪ್ರಶ್ನೆಗೆ ಪ್ರಯೋಗಪೂರ್ವಕವಾದ ಉತ್ತರ ದೊರೆತದ್ದು 2014ರಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಢಿಕ್ಕಿ ಹೊಡೆಸಿ ನೋಡಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಒಂದೇ ಒಂದು ನಕ್ಷತ್ರವೂ ದೊರೆಯಲಿಲ್ಲ. ಆದರೆ ಆ ಐದೂ ಒಂದೇ ಕಾರಣಕ್ಕೆ ಸೋತವಲ್ಲ. ಆಲ್ಟೊ, ನ್ಯಾನೊ, ಐ10 ಇವುಗಳ ದೇಹವೇ ಕುಸಿದು ಕುಳಿತವರ ಮೇಲೆ ಒತ್ತಿತು. ಅವಕ್ಕೆ ಏರ್‌ಬ್ಯಾಗ್ ಸೇರಿಸಿದರೂ ಹೆಚ್ಚಿನ ಫಲವಿಲ್ಲವೆಂಬುದು ಪರೀಕ್ಷಕರ ಅಭಿಪ್ರಾಯವಾಯಿತು. ಫಿಗೊ ಮತ್ತು ಪೋಲೊ ಕಾರುಗಳ ದೇಹ ಸ್ಥಿರವಾಗಿ ನಿಂತಿತ್ತು. ಎರಡು ಏರ್‌ಬ್ಯಾಗುಗಳಿದ್ದ ಪೋಲೊವನ್ನು ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರಗಳು ಬಂದವು. ಮೊದಲು ಮುರಿಯದ ಪಂಜರ, ಅದರೊಳಗೆ ಬೆಲ್ಟು, ಬೆಲ್ಟಿಗೆ ಸಹಾಯಕವಾಗಿ ಏರ್‌ಬ್ಯಾಗು: ಈ ಕ್ರಮವನ್ನು ಬಿಟ್ಟು ಕೇವಲ ಏರ್‌ಬ್ಯಾಗುಗಳ ಸಂಖ್ಯೆಯನ್ನು ಎಣಿಸುವುದು ವ್ಯರ್ಥ.

ಅಲ್ಲಿಂದೀಚೆಗೆ ನಮ್ಮ ಕಾರುಗಳು ಬಹಳ ಮುಂದುವರಿದಿವೆ. 2018ರ ಕೊನೆಯಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಗಳಿಸಿದ ಮೊದಲ ಭಾರತೀಯ ಕಾರಾಯಿತು. 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗೂ, ಸೀಟ್ ಬೆಲ್ಟು ಹಾಕದಿದ್ದರೆ ಎಚ್ಚರಿಸುವ ಗಂಟೆಯೂ ಕಡ್ಡಾಯವಾದವು. ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಅದೇ ವರ್ಷ ತುಸು ಮೊದಲೇ ಕಡ್ಡಾಯವಾಗಿತ್ತು. ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗು ಎಲ್ಲ ಕಾರುಗಳಿಗೂ ಬಂದದ್ದು 2021ರ ಅಂತ್ಯಕ್ಕೆ. 2023ರ ಅಕ್ಟೋಬರಿನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳಿತು. ಮನೆಯಲ್ಲಿ ನಿಂತಿರುವ 2012ರ ಸಣ್ಣ ಕಾರಿನ ಕೆಳದರ್ಜೆಯ ಮಾದರಿಯಲ್ಲಿ ಇವುಗಳಲ್ಲೊಂದೂ ಇಲ್ಲದಿರುವ ಸಂಭವವೇ ಹೆಚ್ಚು. ನಕ್ಷತ್ರಗಳಲ್ಲಿಯೂ ಭೇದವುಂಟು: 2022ರಲ್ಲಿ ಪರೀಕ್ಷೆಯ ನಿಯಮಗಳು ಬಿಗಿಯಾದುದರಿಂದ ಅದಕ್ಕೆ ಹಿಂದಿನ ಐದು ನಕ್ಷತ್ರ ಈಗಿನ ಐದಕ್ಕೆ ಸಮವಲ್ಲ.

ಇವುಗಳಲ್ಲಿ ಹೆಚ್ಚಿನವು ಢಿಕ್ಕಿಯಾದ ಮೇಲೆ ಕೆಲಸ ಮಾಡುವಂಥವು. ಢಿಕ್ಕಿಯನ್ನೇ ತಪ್ಪಿಸಲು ಹೊಸ ಚಾಲಕನಿಗೆ ಅತ್ಯಂತ ಉಪಕಾರಿಯಾದ ಸಾಧನ ಇ.ಎಸ್.ಸಿ., ಅಥವಾ ಕೆಲವು ಕಂಪೆನಿಗಳು ಕರೆಯುವಂತೆ ಇ.ಎಸ್.ಪಿ. ಮಳೆ ಸುರಿಯುವಾಗ ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ ವೇಗ ತುಸು ಹೆಚ್ಚಾಗಿ ಕಾರಿನ ಹಿಂಬದಿ ಹೊರಕ್ಕೆ ಜಾರತೊಡಗಿತೆನ್ನಿ. ಅನುಭವಿಯೂ ಗಾಬರಿಯಾಗುವ ಆ ಕ್ಷಣದಲ್ಲಿ ಹೊಸಬರು ಮಾಡುವುದು ಸಾಮಾನ್ಯವಾಗಿ ಎರಡೇ, ಬ್ರೇಕನ್ನು ಬಲವಾಗಿ ತುಳಿಯುವುದು ಇಲ್ಲವೆ ಸ್ಟೇರಿಂಗನ್ನು ಅತಿಯಾಗಿ ತಿರುಗಿಸುವುದು. ಸ್ಟೇರಿಂಗು ಬೇಡುತ್ತಿರುವ ದಿಕ್ಕಿಗೂ ಕಾರು ವಾಸ್ತವವಾಗಿ ಹೋಗುತ್ತಿರುವ ದಿಕ್ಕಿಗೂ ವ್ಯತ್ಯಾಸ ಬಂದುದನ್ನು ಈ ವ್ಯವಸ್ಥೆ ತತ್‌ಕ್ಷಣ ಅರಿತು, ಬೇಕಾದ ಒಂದೇ ಚಕ್ರಕ್ಕೆ ತಾನೇ ಬ್ರೇಕು ಹಾಕಿ, ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ ಕಾರನ್ನು ದಾರಿಗೆ ತರಲು ಯತ್ನಿಸುತ್ತದೆ. ಕಾಲಿಗೆ ಬಾರದ ವಿದ್ಯೆಯನ್ನು ಯಂತ್ರ ಅಷ್ಟು ಹೊತ್ತು ಸಾಲವಾಗಿ ಕೊಡುತ್ತದೆ. ಇಂಥದನ್ನು ಹಲವು ಮಾದರಿಗಳಲ್ಲಿ ಬಹುಕಾಲ ಮೇಲ್ದರ್ಜೆಯ ಗಿರಾಕಿಗಳಿಗೆ ಮಾತ್ರ ಮೀಸಲಿಟ್ಟದ್ದು ಅನ್ಯಾಯ. ಮೊದಲ ಕಾರು ಕೊಳ್ಳುವವರು ಷೋರೂಮಿನಲ್ಲಿ ದೊಡ್ಡ ಪರದೆಯನ್ನೂ ಸನ್‌ರೂಫನ್ನೂ ಬಿಟ್ಟು ಇದನ್ನು ಕೇಳಿ ಪಡೆಯಬೇಕು. ಸನ್‌ರೂಫಿನಿಂದ ಎದೆಯವರೆಗೆ ಹೊರಬಂದು ನಿಂತು ಕೈಬೀಸುವ ಮಕ್ಕಳನ್ನು ಬೆಂಗಳೂರಿನ ಫ್ಲೈ ಓವರುಗಳ ಮೇಲೆ ಕಂಡಾಗಲೆಲ್ಲ, ಅದಕ್ಕೆ ಹೆಚ್ಚು ಹಣ ತೆತ್ತ ಹಿರಿಯರನ್ನು ನೆನೆದು ನನಗೆ ದುಃಖವಾಗುತ್ತದೆ.

ದುರ್ಬಲವಾದ ಕಾರು ಕೊಡುವುದು ಒಂದು ಬಗೆಯ ತಪ್ಪಾದರೆ ಅತಿ ಬಲಿಷ್ಠವಾದುದನ್ನು ಕೊಡುವುದು ಇನ್ನೊಂದು. ವೇಗ ಎರಡರಷ್ಟಾದರೆ ಢಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆಂಬುದು ಶಾಲೆಯ ಭೌತಶಾಸ್ತ್ರ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ನಡೆಸುತ್ತಿದ್ದ ಪೋರ್ಷೆ ಕಾರು ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದಿತು. ಗಟ್ಟಿ ಕಾರು ಒಳಗಿನವರನ್ನು ಕಾಯುವುದು ನಿಜ; ಆದರೆ ಬೈಕಿನಲ್ಲಿ ಎದುರಾಗುವವರೂ ಯಾರದೋ ಮನೆಯ ಮಕ್ಕಳೇ. ಆದುದರಿಂದ ಎರಡು ಟನ್ನಿನ ಎಸ್‌ಯುವಿಯಾಗಲಿ ಟರ್ಬೊ ಎಂಜಿನ್ನಿನ ಓಟಗಾರ ಕಾರಾಗಲಿ ಹೊಸ ಕೈಗೆ ಸಲ್ಲದು. 1.2 ಲೀಟರಿನ, ಎಂಬತ್ತು ತೊಂಬತ್ತು ಅಶ್ವಶಕ್ತಿಯ ಸಾಧಾರಣ ಎಂಜಿನ್ನು, ಗಟ್ಟಿಯಾದ ದೇಹ, ಸುತ್ತಲೂ ಚೆನ್ನಾಗಿ ಕಾಣುವ ಗಾಜು: ಇಷ್ಟಿದ್ದರೆ ಸಾಕು.

ಅಷ್ಟಕ್ಕೂ ಹಣವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಎರಡು ಕಾರುಗಳಿದ್ದರೆ ಅದಲುಬದಲು ಮಾಡಿಕೊಳ್ಳಲು ಖರ್ಚಿಲ್ಲ. ಇಪ್ಪತ್ತೈದು ವರ್ಷ ರಸ್ತೆ ಕಂಡ ತಂದೆ ಹಳೆಯದರಲ್ಲಿ ಕಚೇರಿಗೆ ಹೋಗಲಿ, ಹೊಸದಕ್ಕೆ ಬೀಳುವ ಗೀರುಗಳನ್ನು ಕಲಿಕೆಯ ಶುಲ್ಕವೆಂದು ತಿಳಿಯಲಿ. ಒಂದೇ ಕಾರಿದ್ದರೆ ಮಕ್ಕಳಿಗಾಗಿ ಅಗ್ಗದ ಹಳೆಯದೊಂದನ್ನು ತರುವ ಬದಲು ಇರುವುದನ್ನೇ ಹಂಚಿಕೊಳ್ಳುವುದು ಲೇಸು. ಹಳೆಯದನ್ನು ಕೊಳ್ಳಲೇಬೇಕಾದಲ್ಲಿ ಬಣ್ಣವನ್ನೂ ಆಡಿಯೋವನ್ನೂ ನೋಡುವುದಕ್ಕೆ ಮುಂಚೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಹೊರಗೆಳೆದು ನೋಡಬೇಕು. ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆಯಿದ್ದರೆ ಆ ಕಾರು ನೆರೆಯಲ್ಲಿ ಮುಳುಗಿತ್ತೆಂದು ಶಂಕಿಸಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ ನೀರು ನುಗ್ಗಿದ ನೆಲಮಾಳಿಗೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀಗದ ಕೈ ತಿರುಗಿಸಿದೊಡನೆ ಏರ್‌ಬ್ಯಾಗಿನ ಕೆಂಪು ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಹೊತ್ತಿಯೇ ಇದ್ದರೆ ದೋಷವಿದೆ, ಹೊತ್ತದೆಯೇ ಇದ್ದರೆ ದೋಷವನ್ನು ಯಾರೋ ಮುಚ್ಚಿಟ್ಟಿರಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: 2317 ಎಂದಿದ್ದರೆ ಅದು 2017ರ ಇಪ್ಪತ್ತಮೂರನೆಯ ವಾರದ್ದು, ಗೀಟು ಎಷ್ಟೇ ಆಳವಿದ್ದರೂ ಬದಲಾಯಿಸತಕ್ಕದ್ದು. ಬೆಲ್ಟಿನ ಕೊಂಡಿಯಲ್ಲಿ, ಎಚ್ಚರಿಕೆಯ ಸದ್ದನ್ನು ಅಡಗಿಸಲೆಂದೇ ಮಾರುವ ಲೋಹದ ಸುಳ್ಳು ನಾಲಗೆಯೊಂದು ಸಿಕ್ಕಿಸಿದ್ದು ಕಂಡರೆ ಅಲ್ಲಿಯೇ ಕಿತ್ತೆಸೆಯಬೇಕು; 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಇದನ್ನು ತೆಗೆಸಿತು.

ಆಯ್ಕೆ ಎಷ್ಟೇ ವಿವೇಕದ್ದಾದರೂ ಕಾರು ಯಾವಾಗ, ಯಾರೊಡನೆ ಹೊರಡುತ್ತದೆಂಬುದು ಬೇರೆಯದೇ ವಿಚಾರ. ವಾರದ ಕೊನೆಯಲ್ಲಿ ನಂದಿಬೆಟ್ಟದ ಸೂರ್ಯೋದಯ ನೋಡಲೆಂದು ಮುಂಜಾವದ ಮೂರು ಗಂಟೆಗೆ ಐದು ಮಂದಿ ಗೆಳೆಯರು ಒಂದು ಕಾರಿನಲ್ಲಿ ತುಂಬಿ ಹೊರಡುವಾಗ ನಿದ್ದೆಗೆಟ್ಟ ಕಣ್ಣು, ಮಂಜು, ಹಾಡು, ಹಿಂದಿನ ಸೀಟಿನ ಹುರಿದುಂಬಿಸುವಿಕೆ ಎಲ್ಲವೂ ಒಟ್ಟಿಗೆ ಸೇರುತ್ತವೆ. ನ್ಯೂಜಿಲೆಂಡು 1987ರಿಂದಲೇ ಹಂತಹಂತದ ಪರವಾನಗಿಯನ್ನು ಆಚರಣೆಗೆ ತಂದಿದೆ: ನಡುವಣ ಹಂತದವರು ಅನುಭವಿಯೊಬ್ಬರು ಪಕ್ಕದಲ್ಲಿಲ್ಲದೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕಾರು ನಡೆಸುವಂತಿಲ್ಲ, ಸ್ನೇಹಿತರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಕಲಿಕಾ ಪರವಾನಗಿ ದೊರೆತು 30 ದಿನ ಕಳೆದರೆ ಪರೀಕ್ಷೆಗೆ ಕೂರಬಹುದು; ತೇರ್ಗಡೆಯಾದ ರಾತ್ರಿಯೇ ನಾಲ್ವರನ್ನು ಹತ್ತಿಸಿಕೊಂಡು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಸಾಗಲು ಕಾನೂನಿನ ಅಡ್ಡಿಯಿಲ್ಲ. ಆ ನಡುವಣ ಹಂತವನ್ನು ನಮ್ಮ ಕಾಯ್ದೆಯೂ ಸೇರಿಸಿಕೊಳ್ಳಬೇಕು. ಅಲ್ಲಿಯವರೆಗೆ ಮನೆಗಳು ತಾವೇ ಅದನ್ನು ನಡೆಸಬೇಕು: ಮೊದಲ ವರ್ಷ ಹೊತ್ತು ಮೀರಿದ ಮೇಲೆ ಒಬ್ಬರೇ ಹೊರಡುವುದಿಲ್ಲ, ಒಬ್ಬರಿಗಿಂತ ಹೆಚ್ಚು ಗೆಳೆಯರಿಲ್ಲ, ಮೊದಲ ಮಳೆಗಾಲದ ಘಾಟಿ ಪ್ರಯಾಣಕ್ಕೆ ಹಿರಿಯರೊಬ್ಬರು ಪಕ್ಕದಲ್ಲಿ. ಬೀಗದ ಕೈ ಕೊಟ್ಟ ಮೇಲೆ ಹೇಳಿದರೆ ಇವು ಶಿಕ್ಷೆಯಂತೆ ಕೇಳಿಸುತ್ತವೆ. ಕಾರು ನೋಡಲು ಹೊರಡುವುದಕ್ಕೆ ಮುಂಚೆಯೇ, ಪರೀಕ್ಷಾ ವರದಿಗಳನ್ನು ಮಗನ ಅಥವಾ ಮಗಳ ಕೈಯಿಂದಲೇ ಓದಿಸಿ, ಆಯ್ಕೆಯಲ್ಲಿ ಅವರನ್ನೂ ಸೇರಿಸಿಕೊಂಡು ಮಾತಾಡಿದರೆ ಅವರು ಒಪ್ಪುತ್ತಾರೆ.