ಕಾಗದದ ಮೇಲೆ ಹುಟ್ಟುವ ಪ್ರಾಣಿಗಳು

ರಜೆ ಬಂತೆಂದರೆ ನಂಜನಗೂಡು, ತಿ. ನರಸೀಪುರದ ಬಸ್ಸುಗಳಲ್ಲಿ ಮೈಸೂರು ಮೃಗಾಲಯಕ್ಕೆ ಹೊರಟ ಕುಟುಂಬಗಳು ಕಾಣುತ್ತವೆ. 1892ರಲ್ಲಿ ಆರಂಭವಾದ ಈ ಮೃಗಾಲಯಕ್ಕೆ 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಚೀತಾಗಳು, 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಬಂದವು. ನಾವು ಮುಗಿಬಿದ್ದು ನೋಡಿದೆವು, ಫೋಟೊ ತೆಗೆದೆವು. ಹೊರದೇಶದ ಪ್ರಾಣಿ ನಿಜವಾಗಿ ಎಲ್ಲಿ ಹುಟ್ಟಿತು, ಅದನ್ನು ಖಾತ್ರಿ ಮಾಡಿದವರು ಯಾರು ಎಂದು ಕೇಳುವವರು ಮಾತ್ರ ವಿರಳ.

ಈ ಪ್ರಶ್ನೆಗೆ ಕಾರಣವಿದೆ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟ್ಸ್’ ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿದೆ. ಅದರ ಪರವಾನಗಿಯಲ್ಲಿ ಕಾಡಿನಿಂದ ಹಿಡಿದ ಪ್ರಾಣಿಗೆ ‘ಡಬ್ಲ್ಯು’, ಬಂಧನದಲ್ಲಿದ್ದ ತಂದೆತಾಯಿಗೆ ಹುಟ್ಟಿದ್ದಕ್ಕೆ ‘ಸಿ’ ಎಂಬ ಸಂಕೇತವಿರುತ್ತದೆ. ‘ಸಿ’ ಇದ್ದರೆ ದಾರಿ ಸಲೀಸು. ಮರಿ ಮಾಡಿಸಿ ಸಾಕಲು ವರ್ಷಗಳೇ ಬೇಕು, ಕಾಡಿನಿಂದ ಹಿಡಿದು ತರಲು ಒಂದು ಬಲೆ ಸಾಕು. ಹಾಗಾಗಿ ಒಂದು ಅಕ್ಷರ ಬದಲಿಸುವ ಆಸೆ ಕಳ್ಳಸಾಗಣೆದಾರರಿಗೆ ಹುಟ್ಟುವುದು ಸಹಜ.

ಇದು ಬರೀ ಊಹೆಯಲ್ಲ. ಆಫ್ರಿಕಾದ ಗಿನಿ ದೇಶದಿಂದ 2009ರಿಂದ 2011ರ ನಡುವೆ ನೂರಕ್ಕೂ ಹೆಚ್ಚು ಚಿಂಪಾಂಜಿಗಳು ‘ಸಿ’ ಸಂಕೇತದಡಿ ಚೀನಾಕ್ಕೆ ಹೋದವು. ಗಿನಿಯಲ್ಲಿ ಚಿಂಪಾಂಜಿಗಳ ಸಂತಾನಾಭಿವೃದ್ಧಿ ಕೇಂದ್ರವೇ ಇರಲಿಲ್ಲ! 2013ರಲ್ಲಿ ಆ ದೇಶದ ವನ್ಯಜೀವಿ ವ್ಯಾಪಾರಕ್ಕೆ ತಡೆ ಬಿತ್ತು. ಅಷ್ಟರಲ್ಲಿ ಮರಿಗಳು ಗಡಿ ದಾಟಿಯಾಗಿತ್ತು. ಒಂದು ಮರಿಯನ್ನು ಹಿಡಿಯಲು ಅದರ ತಾಯಿಯನ್ನೂ ಗುಂಪಿನ ಇತರ ಚಿಂಪಾಂಜಿಗಳನ್ನೂ ಕೊಲ್ಲುವುದುಂಟು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಆಮದಿಗೆ ಮುನ್ನ ಮೃಗಾಲಯಗಳು ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. 2022ರ ತಿದ್ದುಪಡಿ ಸೈಟ್ಸ್ ನಿಯಮಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೇ ತಂದಿತು. ಕೊರತೆ ಇರುವುದು ಮೂಲದ ಪರಿಶೀಲನೆಯಲ್ಲಿ. ಗುಜರಾತಿನ ವನತಾರಾ ಕುರಿತು ಸುಪ್ರೀಂ ಕೋರ್ಟ್ ನೇಮಿಸಿದ್ದ ತನಿಖಾ ತಂಡ 2025ರಲ್ಲಿ ನಿಯಮ ಉಲ್ಲಂಘನೆ ಆಗಿಲ್ಲ ಎಂದಿತು. ಆದರೂ ಅದೇ ವರ್ಷ ಸೈಟ್ಸ್ ಕಾರ್ಯಾಲಯ, ರಫ್ತು ಮಾಡುವ ದೇಶಗಳು ನಮೂದಿಸುವ ಮೂಲವನ್ನು ಇನ್ನಷ್ಟು ಬಿಗಿಯಾಗಿ ಪರಿಶೀಲಿಸುವಂತೆ ಭಾರತಕ್ಕೆ ಸಲಹೆ ನೀಡಿತು. ಕಾಗದ ಸರಿಯಿರುವುದು ಬೇರೆ, ಕಾಗದದಲ್ಲಿರುವುದು ನಿಜವಾಗಿರುವುದು ಬೇರೆ.

ತಿ. ನರಸೀಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2022–23ರಲ್ಲಿ ಚಿರತೆ ದಾಳಿಗೆ ಜೀವಗಳು ಹೋದಾಗ ಊರೂರಲ್ಲಿ ಬೋನು ಇಟ್ಟರು. ಸಿಕ್ಕ ಚಿರತೆ ಯಾವ ಊರಿನದು, ಯಾರ ಜಮೀನಿನಲ್ಲಿ ಬೋನಿಗೆ ಬಿತ್ತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಸಾವಿರಾರು ಕಿಲೊಮೀಟರ್ ದೂರದಿಂದ ವಿಮಾನದಲ್ಲಿ ಬರುವ ಪ್ರಾಣಿಯ ಹುಟ್ಟೂರಿಗೆ ಮಾತ್ರ ಒಂದು ಅಕ್ಷರದ ಸಾಕ್ಷಿ ಸಾಲುವುದೇ?

ಹಾಗೆಂದು ಆಮದನ್ನೇ ನಿಲ್ಲಿಸಬೇಕಿಲ್ಲ. ಒಂದೇ ರಕ್ತಸಂಬಂಧದ ಪ್ರಾಣಿಗಳ ನಡುವೆ ಸಂತಾನವಾಗದಂತೆ ತಡೆಯಲು ಮೃಗಾಲಯಗಳ ನಡುವೆ ವಿನಿಮಯ ಬೇಕೇ ಬೇಕು. ಬಿಗಿ ಮಾಡಿದರೆ ಅದೂ ವಿಳಂಬವಾಗುತ್ತದೆ ಎನ್ನುವವರಿದ್ದಾರೆ. ಆದರೆ ಪ್ರಾಮಾಣಿಕ ಮೃಗಾಲಯಗಳ ಬಳಿ ದಾಖಲೆ ಸಿದ್ಧವಿರುತ್ತದೆ. ಗೊರಿಲ್ಲಾಗಳಿಗಂತೂ ಅಂತರರಾಷ್ಟ್ರೀಯ ವಂಶಾವಳಿ ಪುಸ್ತಕವೇ ಇದೆ. ತೊಂದರೆ ಆಗುವುದು ದಾಖಲೆ ಇಲ್ಲದವರಿಗೆ ಮಾತ್ರ.

ಆದ್ದರಿಂದ ಮೂರು ನಿಯಮ ಕಡ್ಡಾಯವಾಗಲಿ. ತಂದೆತಾಯಿಯ ವಿವರವಿರುವ ಜನನ ದಾಖಲೆ ಇಲ್ಲದೆ ಒಪ್ಪಿಗೆ ಬೇಡ. ಅನುಮಾನ ಬಂದರೆ ಡಿಎನ್‌ಎ ಪರೀಕ್ಷೆಯಾಗಲಿ. ಹೈದರಾಬಾದಿನ ಸಿಸಿಎಂಬಿಯಲ್ಲಿ ವನ್ಯಜೀವಿಗಳ ಡಿಎನ್‌ಎ ಪತ್ತೆಯ ಪರಿಣತಿ ಇದೆ. ಪ್ರತಿ ಆಮದಿನ ಪ್ರಾಣಿಯ ಮೂಲ, ಸಂಖ್ಯೆ, ಪರವಾನಗಿಯ ವಿವರ ಸಾರ್ವಜನಿಕರಿಗೆ ಸಿಗಲಿ.

ಮೈಸೂರು ಮೃಗಾಲಯ ಬಹುಮಟ್ಟಿಗೆ ನಡೆಯುವುದು ನಮ್ಮ ನಿಮ್ಮ ಟಿಕೆಟ್ ಹಣದಿಂದ. ಪ್ರಾಣಿಯ ಹೆಸರು, ಆಹಾರ ಬರೆದ ಫಲಕದಲ್ಲೇ ‘ಹುಟ್ಟಿದ ಸ್ಥಳ, ತಂದೆ, ತಾಯಿ’ ಎಂಬ ಇನ್ನೊಂದು ಸಾಲನ್ನು ಕೇಳುವ ಹಕ್ಕು ಆ ಟಿಕೆಟ್ ಕೊಂಡವರಿಗಿದೆ.